ಯಾರೂ ಓಗೊಡದ ನರಿ

ದೆವ್ವ, ಶಕುನ, ಅತೃಪ್ತ ಆತ್ಮ ಇವುಗಳನ್ನೆಲ್ಲ ನಾನು ನಂಬಿದವಳಲ್ಲ. ಇಂಥ ಬರಹಗಳನ್ನು ಬರೆಯುವವರು ‘ನಾನೂ ನಿಮ್ಮ ಹಾಗೆಯೇ ನಂಬುತ್ತಿರಲಿಲ್ಲ’ ಎಂದೇ ಶುರುಮಾಡುತ್ತಾರೆ, ಮತ್ತು ಓದುವಾಗ ನಾನು ಅಲ್ಲಿಗೇ ಪುಟ ಮಗುಚಿಬಿಡುತ್ತಿದ್ದೆ. ನೀವೂ ಮಗುಚಿದರೆ ನನಗೆ ಬೇಸರವಿಲ್ಲ. ನನ್ನ ಉದ್ಯೋಗವೇ ಅಂಥದ್ದು. ಔಷಧ ಕಂಪನಿಯೊಂದರಲ್ಲಿ ಅಂಕಿಅಂಶ ನೋಡುವುದು ನನ್ನ ಕೆಲಸ; ಮಾತ್ರೆ ನುಂಗಿದವರೊಬ್ಬರಿಗೆ ವಾಸಿಯಾದರೆ, ಅದು ಮಾತ್ರೆಯಿಂದಾಯಿತೋ ತಾನಾಗಿಯೇ ಆಯಿತೋ ಎಂದು ಅನುಮಾನಿಸಬೇಕು. ಅನುಮಾನಿಸುವುದಕ್ಕೇ ನನಗೆ ಸಂಬಳ. ಹೀಗಿದ್ದೂ ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲದ ಸಂಜೆಯನ್ನು ಯಾವ ಕಡೆಯಿಂದ ನೋಡಿದರೂ ಲೆಕ್ಕ ಕೂಡಿಬಂದಿಲ್ಲ. ಕೂಡಿಬರದಿದ್ದರೂ ಚಿಂತೆಯಿಲ್ಲ, ಆ ಸಂಜೆಗೆ ನಾನು ಋಣಿ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿದೆ. ಹಿಂದಿನ ಹುಲ್ಲುಹಾಸು ಮುಗಿದಲ್ಲಿ ಕಾಡು ಶುರುವಾಗುತ್ತದೆ. ದೊಡ್ಡ ಕಾಡೇನಲ್ಲ, ಒಂದಿಷ್ಟು ಓಕ್ ಮರಗಳು, ನಡುವೆ ಒಂದು ಹಳ್ಳ, ಅದರಾಚೆ ಇನ್ನಷ್ಟು ಮರಗಳು, ಆಮೇಲೆ ಮತ್ತೊಂದು ಬೀದಿಯ ಮನೆಗಳ ಹಿತ್ತಿಲು. ಜಿಂಕೆಗಳು ಬಂದು ನಾನು ನೆಟ್ಟದ್ದನ್ನೆಲ್ಲ ತಿಂದುಹೋಗುತ್ತವೆ. ನರಿಗಳೂ ಇವೆ. ಜನವರಿಯ ಸಂಜೆಗಳಲ್ಲಿ ಅವು ಕೂಗುತ್ತವೆ. ಊಳಿಡುವುದಲ್ಲ, ಗಂಟಲು ಕಟ್ಟಿದ ಹೆಂಗಸು ದೂರದಿಂದ ಯಾರನ್ನೋ ಕರೆದ ಹಾಗಿರುತ್ತದೆ. ಒಂದು ನರಿ ಈ ಕಡೆಯಿಂದ ಕೂಗಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಆ ಕಡೆಯಿಂದ ಕೂಗುತ್ತದೆ. ಬಹಳ ವರ್ಷ ನಾನು ಇದನ್ನು ಗಮನಿಸಿಯೇ ಇರಲಿಲ್ಲ.

ಮಾವ ತೀರಿಕೊಂಡ ಮೇಲೆ ನನ್ನ ಅತ್ತೆ ಧಾರವಾಡದಿಂದ ಬಂದು ನಮ್ಮೊಡನೆ ಇದ್ದರು. ಹೆಸರು ಗಂಗವ್ವ. ನಾನು ಮೈಸೂರಿನವಳು. ನನ್ನ ಸಾರು ಅವರಿಗೆ ಸಪ್ಪೆ, ಅವರ ಚಟ್ನಿಪುಡಿಗೆ ನನ್ನ ಕಣ್ಣಲ್ಲಿ ನೀರು. ಮೊದಲ ವರ್ಷ ಇಬ್ಬರೂ ಮರ್ಯಾದೆಯಿಂದ ನಡೆದುಕೊಂಡೆವು, ಆಮೇಲೆ ಸ್ನೇಹಿತರಾದೆವು. ಸಿಟ್ಟು ಬಂದಾಗ ‘ಮೈಸೂರಾಕಿ’ ಎನ್ನುತ್ತಿದ್ದರು, ಪ್ರೀತಿ ಬಂದಾಗಲೂ ಅದನ್ನೇ ಅನ್ನುತ್ತಿದ್ದರು. ದನಿಯಿಂದ ನಾನೇ ಅರ್ಥ ಮಾಡಿಕೊಳ್ಳಬೇಕಿತ್ತು.

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಕರೆದರೂ ತಕ್ಷಣ ‘ಓ’ ಅನ್ನಬಾರದು. ಕರೆಯುವವರು ಮನುಷ್ಯರಾದರೆ ನಿಂತಲ್ಲೇ ನಿಂತು ಮೂರು ಸಲ ಕರೆಯುತ್ತಾರೆ. ಮನುಷ್ಯರಲ್ಲದ್ದು ನಮ್ಮವರ ದನಿಯಲ್ಲೇ ಕರೆಯಬಲ್ಲದು, ಆದರೆ ಮೂರನೆಯ ಸಲ ಕರೆಯಲು ಅದಕ್ಕೆ ಆಗುವುದಿಲ್ಲ. ನನ್ನ ಅಜ್ಜಿಯೂ ಇಂಥದ್ದೇನೋ ಹೇಳುತ್ತಿದ್ದರು, ನಿಮ್ಮ ಅಜ್ಜಿಯೂ ಹೇಳಿರಬಹುದು. ಆದರೆ ಅದನ್ನು ಅಮೆರಿಕಕ್ಕೆ ತಂದು ಪಾಲಿಸಿದವರು ನಮ್ಮತ್ತೆ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು, ಹಿಮದಲ್ಲಿ ನಿಂತು, ‘ಅತ್ತೆ, ಬಾಗಿಲು ತೆಗೀರಿ’ ಎಂದು ನಾನು ಕೂಗಿದರೆ, ಗಾಜಿನಾಚೆ ನನ್ನ ಮುಖ ಕಾಣುತ್ತಿದ್ದರೂ ಅವರು ಸುಮ್ಮನೆ ನಿಂತಿರುತ್ತಿದ್ದರು. ಮೂರನೆಯ ಸಲ ಕೂಗಿದ ಮೇಲೆಯೇ ‘ಓ, ಬಂದೆ’ ಎಂದು ಚಿಲಕ ತೆಗೆಯುವುದು. ನನ್ನ ಗಂಡ ಆನಂದ ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೊರಗೆ ನಿಂತು ನಡುಗುತ್ತಿದ್ದವಳು ನಾನು, ಅವನಲ್ಲ.

ಐದಾರು ವರ್ಷ ಹೀಗೆ ಕಳೆದ ಮೇಲೆ ಅತ್ತೆಗೆ ಮರೆವು ಶುರುವಾಯಿತು. ಒಲೆ ಆರಿಸುವುದು ಮರೆತರು, ಊಟ ಮಾಡಿದ್ದು ಮರೆತರು, ಮಾವ ಇಲ್ಲವೆಂಬುದನ್ನೂ ಕೆಲವು ದಿನ ಮರೆಯುತ್ತಿದ್ದರು. ಡಾಕ್ಟರು ದಿನವೂ ಅವರೊಡನೆ ಮಾತಾಡಿ, ಏನಾದರೂ ಓದಿ ಹೇಳಿ ಎಂದರು. ಧಾರವಾಡದಲ್ಲಿದ್ದಾಗ ಅತ್ತೆ ಬಾಡಿಗೆಗೆ ತಂದು ರಾಶಿ ರಾಶಿ ಪತ್ತೇದಾರಿ ಕಾದಂಬರಿ ಓದಿದವರು. ಕೊಲೆಗಾರ ಯಾರೆಂದು ಅರ್ಧ ಪುಸ್ತಕಕ್ಕೇ ಹೇಳಿ ಮಾವನ ಓದು ಕೆಡಿಸುತ್ತಿದ್ದರಂತೆ. ಅದೇ ಸಮಯಕ್ಕೆ ನಮ್ಮೂರ ಲೈಬ್ರರಿಯ ಓದುಗರ ಗುಂಪಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಆರಿಸಿದ್ದರು. ಬರೆದಾಕೆ ಚೋಕ್ಟಾ ಬುಡಕಟ್ಟಿನವಳು. ಚೋಕ್ಟಾ ಜನರ ಮೂಲ ನೆಲ ಮಿಸಿಸಿಪ್ಪಿಯ ಕಡೆ. ಬಹಳ ಹಿಂದೆ ಅವರನ್ನು ಅಲ್ಲಿಂದ ಎಬ್ಬಿಸಿ ಒಕ್ಲಹೋಮಾದತ್ತ ಅಟ್ಟಿದರು. ನಮ್ಮ ನ್ಯೂಜೆರ್ಸಿಗೂ ಅವರಿಗೂ ಸಂಬಂಧವಿಲ್ಲ, ಇಲ್ಲಿದ್ದವರು ಬೇರೆ ಜನ. ಅಂತೂ ದಿನಾ ಮಧ್ಯಾಹ್ನ ಚಹಾದ ಹೊತ್ತಿಗೆ ನಾನು ಓದಿದ್ದಷ್ಟನ್ನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಬಂದೆ.

ಕತೆ ಸರಳ. ಒಕ್ಲಹೋಮಾದ ಸಣ್ಣ ಊರಿನಲ್ಲಿ ಸಂಜೆ ಹೊತ್ತು ಒಬ್ಬಳು ಹುಡುಗಿ ಕಾಣೆಯಾಗುತ್ತಾಳೆ. ನದಿಗೆ ಬಿದ್ದಿರಬೇಕೆಂದು ಎಲ್ಲರೂ ನದಿ ಜಾಲಾಡುತ್ತಾರೆ. ಹುಡುಗಿಯ ಅಜ್ಜಿ ಮಾತ್ರ ನದಿಯ ಕಡೆ ತಿರುಗಿಯೂ ನೋಡುವುದಿಲ್ಲ. ಪ್ರತಿ ಸಂಜೆ ಮನೆಯ ಹಿಂದೆ ಒಂದು ನರಿ ಕೂಗುವುದನ್ನು ಕೇಳುತ್ತಾ ಕೂರುತ್ತಾಳೆ. ಮನುಷ್ಯನಿಗೆ ಎರಡು ನೆರಳು, ಒಳಗಿನದು ಮತ್ತು ಹೊರಗಿನದು, ಎಂದು ಆ ಅಜ್ಜಿಯ ನಂಬಿಕೆ. ಸತ್ತ ಮೇಲೆ ಒಳನೆರಳು ತನ್ನ ದಾರಿ ಹಿಡಿದು ಹೋಗುತ್ತದೆ. ಹೊರನೆರಳು ಇಲ್ಲೇ ಮನೆಯ ಸುತ್ತಮುತ್ತ ಉಳಿಯುತ್ತದೆ, ನರಿಯ ದನಿಯಲ್ಲೋ ಗೂಬೆಯ ದನಿಯಲ್ಲೋ ಕೂಗುತ್ತದೆ. ನಿಜವಾದ ನರಿಯೋ ನೆರಳೋ ಎಂದು ಗುರುತಿಸುವ ಬಗೆಯೂ ಉಂಟು: ನರಿ ಕೂಗಿದರೆ ಇನ್ನೊಂದು ನರಿ ಓಗೊಡುತ್ತದೆ, ನೆರಳು ಕೂಗಿದರೆ ಯಾವ ನರಿಯೂ ಓಗೊಡುವುದಿಲ್ಲ. ಇದೆಲ್ಲ ನಾನು ಆ ಪುಸ್ತಕದಲ್ಲಿ ಓದಿದ್ದಷ್ಟೇ. ಆ ಜನರ ನಂಬಿಕೆಯ ಬಗ್ಗೆ ಅಧಿಕಾರದಿಂದ ಮಾತಾಡುವ ಯೋಗ್ಯತೆ ನನಗಿಲ್ಲ.

ಈ ಭಾಗ ಹೇಳಿದ ದಿನ ಅತ್ತೆ ಚಹಾದ ಕಪ್ಪು ಕೆಳಗಿಟ್ಟರು.

“ಅಕಿ ನಮ್ಮ ಕಡೆಯಾಕಿ ಇದ್ದಂಗ ಅದಾಳಲ್ಲ” ಎಂದರು. ಸ್ವಲ್ಪ ಯೋಚಿಸಿ, “ಆದ್ರ ಪಾಪ. ನಮ್ಮಲ್ಲಿ ನಾವು ಓ ಅನಬಾರ್ದು ಅಂತೀವಿ. ಅವರಲ್ಲಿ ಯಾರೂ ಓ ಅನ್ನಂಗಿಲ್ಲ ಅಂತ ಅದು ಅಷ್ಟು ಒದರತೈತಿ” ಎಂದರು.

ಅಂದಿನಿಂದ ಅವರಿಗೆ ಆ ಕತೆಯೇ ಕತೆ. ಬೆಳಿಗ್ಗೆ ತಿಂದದ್ದು ನೆನಪಿರುತ್ತಿರಲಿಲ್ಲ, ಆ ಹುಡುಗಿ ಮಾತ್ರ ಮರೆಯಲಿಲ್ಲ. ನಾನು ಮೆಟ್ಟಿಲಿಳಿದು ಬರುವುದೇ ತಡ, “ಹುಡುಗಿ ಸಿಕ್ಕಳೇನ?” ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ನನಗೆ ಆಫೀಸಿನಲ್ಲಿ ಡೆಡ್‌ಲೈನ್ ಬಂತು. ಮುಕ್ಕಾಲು ಪುಸ್ತಕ ಮುಗಿದಿತ್ತು, ಹುಡುಗಿ ಇನ್ನೂ ಸಿಕ್ಕಿರಲಿಲ್ಲ. “ಇನ್ನೂ ಓದಿಲ್ಲ ಅತ್ತೆ, ಶನಿವಾರ ಓದ್ತೀನಿ” ಎಂದು ದಿನಾ ಹೇಳುತ್ತಿದ್ದೆ. “ಈ ಚಳಿಯಾಗ ಹುಡುಗಿನ್ನ ಹೊರಗ ಬಿಟ್ಟು ಶನಿವಾರ ಅಂತೀಯಲ್ಲ, ಮೈಸೂರಾಕಿ” ಎಂದು ಅವರು ಬಯ್ಯುತ್ತಿದ್ದರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆದ ವಿಷಯ.

ಆ ದಿನವೂ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಗಳು ಕಾಲೇಜಿನ ಊರಿನಲ್ಲಿದ್ದಳು, ಆನಂದ ಮ್ಯಾನ್‌ಹ್ಯಾಟನ್ನಿನ ಆಫೀಸಿನಲ್ಲಿದ್ದ. ಮಹಡಿಯ ಮೇಲೆ ಒಂದು ಮೀಟಿಂಗ್ ಮುಗಿಸಿ ನಾನು ಕೆಳಗೆ ಬಂದಾಗ ಕತ್ತಲಾಗುತ್ತಿತ್ತು. ಚಳಿಗಾಲದಲ್ಲಿ ಇಲ್ಲಿ ಐದು ಗಂಟೆಗೆಲ್ಲ ಕತ್ತಲೆ. ದೇವರ ಮುಂದೆ ದೀಪ ಹಚ್ಚಿತ್ತು. ಟೀವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಅತ್ತೆ ಇರಲಿಲ್ಲ. ಬಾತ್‌ರೂಮಿನಲ್ಲಿ ಇರಲಿಲ್ಲ, ಅವರ ಕೋಣೆಯಲ್ಲೂ ಬೇಸ್‌ಮೆಂಟಿನಲ್ಲೂ ಇರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಡಬ್ಬಿಯ ಮುಚ್ಚಳ ತೆಗೆದಿತ್ತು. ಹಿಂಬಾಗಿಲು ಪೂರ್ತಿ ಹಾಕಿರಲಿಲ್ಲ, ಆ ಸಂದಿನಿಂದ ಚಳಿ ಒಳಗೆ ಬರುತ್ತಿತ್ತು.

ಅವರ ಬೂಟು ಗೂಡಿನಲ್ಲೇ ಇತ್ತು, ಕೋಟು ಕೊಕ್ಕೆಯಲ್ಲೇ ಇತ್ತು. ಶಾಲು ಮಾತ್ರ ಇರಲಿಲ್ಲ. ಹೊರಗೆ ಓಡಿ ‘ಅತ್ತೇ’ ಎಂದು ಕೂಗಿದೆ, ಮನೆಯನ್ನು ಒಂದು ಸುತ್ತು ಹಾಕಿದೆ, ಬೀದಿಯ ತುದಿಯವರೆಗೆ ಹೋಗಿ ಬಂದೆ. ಹಿಂದಿನ ವಾರದ ಹಿಮ ಕಲ್ಲಿನಂತೆ ಗಟ್ಟಿಯಾಗಿತ್ತು, ಅದರ ಮೇಲೆ ಹೆಜ್ಜೆ ಮೂಡುವ ಹಾಗಿರಲಿಲ್ಲ. ಹೊಸ ಹಿಮ ಆಗಷ್ಟೇ ಉದುರತೊಡಗಿತ್ತು. ಪೊಲೀಸರಿಗೆ ಫೋನ್ ಮಾಡಿದೆ, ಆಮೇಲೆ ಆನಂದನಿಗೆ. ಅವನು ಆಗಲೇ ಹೋಬೋಕನ್ನಿನಿಂದ ಮನೆ ಕಡೆಯ ರೈಲು ಹತ್ತಿದ್ದ. “ಅವ್ವ ಕೋಟ್ ಹಾಕ್ಕೊಂಡಿದ್ದಾಳಾ?” ಎಂದಷ್ಟೇ ಕೇಳಿದ. ಇಲ್ಲ ಎಂದೆ.

ಎರಡು ಪೊಲೀಸ್ ಕಾರುಗಳು ಬೇಗನೆ ಬಂದವು. ಒಂದು ಬೀದಿಗಳಲ್ಲಿ ಹುಡುಕಲು ಹೋಯಿತು. ಇನ್ನೊಂದರಿಂದ ಇಳಿದ ಆಫೀಸರ್ ಹಿಂಬಾಗಿಲನ್ನೂ ಕಾಡನ್ನೂ ನೋಡಿ, ಮೊದಲು ಇಲ್ಲಿ ನೋಡೋಣ ಎಂದ. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ಈ ಚಳಿಯಲ್ಲಿ ವಯಸ್ಸಾದವರಿಗೆ ಹೆಚ್ಚು ಸಮಯವಿಲ್ಲ ಎಂಬುದನ್ನೂ ಮೆತ್ತಗೆಯೇ ಹೇಳಿದ. ಅತ್ತೆಗೆ ಇಂಗ್ಲಿಷ್ ಬಾರದೆಂದು ನನ್ನನ್ನೂ ಜೊತೆಗೆ ಕರೆದುಕೊಂಡ.

ಕಾಣೆಯಾದವರನ್ನು ಹುಡುಕುವುದಕ್ಕೆ ಅವರದೊಂದು ಪದ್ಧತಿ ಇದೆ. ಒಂದು ಕಡೆ ನಿಂತು ಹೆಸರು ಹಿಡಿದು ಜೋರಾಗಿ ಒಮ್ಮೆ ಕೂಗಬೇಕು. ಆಮೇಲೆ ಉಸಿರು ಬಿಗಿಹಿಡಿದು ಕಿವಿಗೊಡಬೇಕು. ಉತ್ತರ ಬರದಿದ್ದರೆ ಮುಂದೆ ನಡೆದು, ಇನ್ನೊಂದು ಕಡೆ ನಿಂತು ಮತ್ತೆ ಒಮ್ಮೆ ಕೂಗಬೇಕು. ಅವನು ‘ಮಿಸೆಸ್ ಗಂಗಾ’ ಎಂದು ಕೂಗುತ್ತಿದ್ದ. ಅವನು ಸುಮ್ಮನಾದಾಗ, ಅವನ ಸನ್ನೆ ನೋಡಿಕೊಂಡು, ನಾನು ‘ಅತ್ತೇ’ ಎಂದು ಕೂಗುತ್ತಿದ್ದೆ. ಇಬ್ಬರೂ ಕಾಯುತ್ತಿದ್ದೆವು. ಮುಂದೆ ಹೋಗುತ್ತಿದ್ದೆವು. ಟಾರ್ಚಿನ ಬೆಳಕಿನಲ್ಲಿ ಹಿಮ ಬೀಳುವುದೊಂದೇ ಕಾಣುತ್ತಿತ್ತು. ಹಳ್ಳ ದಾಟಿ ಆ ಕಡೆಯೂ ಕೂಗಿದೆವು, ತಿರುಗಿ ಈ ಕಡೆಗೆ ಬಂದೆವು. ಎಲ್ಲೂ ಉತ್ತರವಿಲ್ಲ. ನನ್ನ ದನಿ ಒಡೆದುಹೋಗಿತ್ತು. ಆನಂದನಿಗೆ ಏನೆಂದು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗ ನರಿ ಕೂಗಿತು.

ನಾವು ಆಗಷ್ಟೇ ಬಿಟ್ಟು ಬಂದಿದ್ದ ಹಳ್ಳದಾಚೆಯಿಂದ ಬಂದ ದನಿ ಅದು. ಒಮ್ಮೆ ಕೂಗಿ ನಿಂತಿತು. ನಾನು ಅದಕ್ಕೆ ಗಮನ ಕೊಡಲಿಲ್ಲ. ಮತ್ತೊಮ್ಮೆ ಕೂಗಿತು, ಅಲ್ಲಿಂದಲೇ. ಮೂರನೆಯ ಸಲ ಕೂಗಿದಾಗ ನನಗೇ ಗೊತ್ತಿಲ್ಲದೆ ನಾನು ಇನ್ನೊಂದು ನರಿಯ ಉತ್ತರಕ್ಕೆ ಕಾಯುತ್ತಿದ್ದೆ. ಉತ್ತರ ಬರಲಿಲ್ಲ. ನಾಲ್ಕನೆಯ ಸಲವೂ ಕೂಗಿತು. ಈ ಕಾಡಿನಲ್ಲಿ ನರಿಗಳಿಗೆ ಬರವಿಲ್ಲ, ಆದರೂ ಯಾವ ಕಡೆಯಿಂದಲೂ ಓಗೊಡುವ ದನಿ ಏಳಲಿಲ್ಲ.

ಆ ಹೊತ್ತಿನಲ್ಲಿ ನನಗೆ ಪುಸ್ತಕದ ಅಜ್ಜಿ ನೆನಪಾದಳು ಎಂದರೆ ನೀವು ನಗಬಹುದು. ಅವಳ ಹಿಂದೆಯೇ ಅತ್ತೆಯ ಮಾತು ನೆನಪಾಯಿತು: ಅವರಲ್ಲಿ ಯಾರೂ ಓ ಅನ್ನಂಗಿಲ್ಲ, ನಮ್ಮಲ್ಲಿ ನಾವು ಓ ಅನಬಾರ್ದು. ನಾನು ನಿಂತಲ್ಲೇ ನಿಂತುಬಿಟ್ಟೆ. ದೇವರ ಮುಂದೆ ದೀಪ ಹಚ್ಚಿ ಹೋಗಿದ್ದಾರೆ. ಕತ್ತಲಾಗಿದೆ. ಕಾಡಿನಲ್ಲಿ ಯಾರೋ ಗಂಡಸು ಹೆಸರು ಹಿಡಿದು ಒಮ್ಮೆ ಕರೆಯುತ್ತಾನೆ, ಆಮೇಲೆ ಸೊಸೆಯ ದನಿಯಲ್ಲಿ ಏನೋ ಒಂದು ಒಮ್ಮೆ ಕರೆಯುತ್ತದೆ, ಎರಡೂ ಸುಮ್ಮನಾಗಿ ಮುಂದೆ ಹೋಗುತ್ತವೆ. ಜೀವಮಾನವಿಡೀ ಯಾವುದಕ್ಕೆ ಓ ಅನ್ನಬಾರದೆಂದು ಅತ್ತೆ ಕಲಿತಿದ್ದರೋ, ನಾವಿಬ್ಬರೂ ಸೇರಿ ಅದನ್ನೇ ಮಾಡುತ್ತಿದ್ದೆವು. ಅವರು ಎಲ್ಲಿದ್ದರೂ ನಮ್ಮ ದನಿ ಕೇಳಿಸಿಕೊಂಡು ಬಾಯಿ ಮುಚ್ಚಿ ಕೂತಿರುತ್ತಾರೆ.

ನಾನು ಆಫೀಸರನ ತೋಳು ಹಿಡಿದು ಎಳೆದೆ. ಹಳ್ಳದಾಚೆ ಮತ್ತೆ ಹೋಗೋಣ ಎಂದೆ. ಆಗಲೇ ನೋಡಿದೆವಲ್ಲ ಎಂದ. ನಾನು ಅವನ ಮಾತು ಕೇಳದೆ ನರಿ ಕೂಗಿದ ಕಡೆಗೇ ನಡೆದೆ, ಅವನು ಟಾರ್ಚು ಹಿಡಿದು ಹಿಂದೆ ಬಂದ. ಅಲ್ಲಿ ನಿಂತು, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ, ಒಂದೇ ಜಾಗದಿಂದ ‘ಅತ್ತೇ’ ಎಂದು ಕರೆದೆ. ನಿಲ್ಲಿಸಿ, ಮತ್ತೆ ‘ಅತ್ತೇ’ ಎಂದೆ. ಆಫೀಸರ್ ಕಿವಿಗೊಡಲು ಕೈ ಎತ್ತಿದ. ನಾನು ಮೂರನೆಯ ಸಲ ಕರೆದೆ.

“ಓ” ಎಂಬ ದನಿ ಬಂತು.

ನಮ್ಮ ತೀರಾ ಹತ್ತಿರದಿಂದ ಬಂತು. ಗಾಳಿಗೆ ಉರುಳಿದ ದೊಡ್ಡ ಮರವೊಂದರ ಹಿಂದೆ, ಬೊಡ್ಡೆಗೆ ಬೆನ್ನು ಕೊಟ್ಟು, ತಲೆಯ ತುಂಬ ಶಾಲು ಹೊದ್ದು ಅತ್ತೆ ಕೂತಿದ್ದರು. ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು. ಮೊದಲ ಸಲ ಹಳ್ಳ ದಾಟಿದಾಗ ಇದೇ ಮರದ ಈಚೆ ನಿಂತು ನಾವಿಬ್ಬರೂ ಕೂಗಿದ್ದೆವು. ನಾನು ಅವರ ಮುಂದೆ ಕುಸಿದು ಕೂತು, ಕೈಗಳನ್ನು ನನ್ನ ಕೋಟಿನೊಳಗೆ ಎಳೆದುಕೊಂಡು, ಅಷ್ಟು ಕೂಗಿದರೂ ಯಾಕೆ ಮಾತಾಡಲಿಲ್ಲ ಎಂದು ಅಳತೊಡಗಿದೆ. ಅವರ ತುಟಿ ನೀಲಿಯಾಗಿತ್ತು, ಮಾತು ತೊದಲುತ್ತಿತ್ತು, ಆದರೂ ನನ್ನನ್ನು ಬಯ್ಯುವಷ್ಟು ಜೀವ ಉಳಿದಿತ್ತು.

“ಒಂದೊಂದ ಸಲ ಕರದ್ರ ಹೆಂಗ ಓ ಅನ್ನಲಿ” ಎಂದರು. “ಈಗ ಮೂರು ಸಲ ಕರದಿ, ಅಂದೆ.”

ಆಫೀಸರ್ ತನ್ನ ಜಾಕೆಟ್ಟಿನಲ್ಲಿ ಸುತ್ತಿ ಅವರನ್ನು ಎತ್ತಿಕೊಂಡು ಬಂದ. ಆಂಬುಲೆನ್ಸ್ ಹೊರಡುವ ಮುಂಚೆ ನಾನು ಅವನಿಗೆ ಕೈಮುಗಿದೆ. ಇಂಗ್ಲಿಷಿನಲ್ಲಿ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದೆನ್ನಿಸಿತು. ಆ ನರಿ ಕೂಗದಿದ್ದರೆ ನಾವು ಇನ್ನೂ ಈಚೆ ಕಡೆಯೇ ಹುಡುಕುತ್ತಿದ್ದೆವು ಎಂದೆ. ಅವನು ನನ್ನ ಮುಖವನ್ನೇ ನೋಡಿದ.

“ವಾಟ್ ಫಾಕ್ಸ್?” ಎಂದ.

ಅವನು ತಮಾಷೆ ಮಾಡುತ್ತಿರಲಿಲ್ಲ. ನಾಲ್ಕು ಸಲ ಕೂಗಿತಲ್ಲ ಎಂದೆ. ನೀವು ಒಮ್ಮೆಲೇ ನಿಂತಿರಿ, ಆಮೇಲೆ ಹಿಂದಕ್ಕೆ ನಡೆದಿರಿ, ನಾನು ಹಿಂಬಾಲಿಸಿದೆ, ಏನೂ ಕೂಗಲಿಲ್ಲವಲ್ಲ ಎಂದ. ನನಗೆ ಆಘಾತವಾಗಿದೆ ಎಂದುಕೊಂಡನೋ ಏನೋ, ಭುಜ ತಟ್ಟಿ, ಆಸ್ಪತ್ರೆಯಲ್ಲಿ ನೀವೂ ಏನಾದರೂ ಬಿಸಿಯಾಗಿ ಕುಡಿಯಿರಿ ಎಂದ.

ಅತ್ತೆ ಉಳಿದರು. ಕಾಲಿನ ಬೆರಳುಗಳ ಬಗ್ಗೆ ಡಾಕ್ಟರಿಗೆ ಸ್ವಲ್ಪ ಭಯವಿತ್ತು, ಅವೂ ಉಳಿದವು. ಆನಂದ ಸ್ಟೇಷನ್ನಿನಿಂದ ನೇರವಾಗಿ ಆಸ್ಪತ್ರೆಗೆ ಬಂದು ಅವ್ವನ ಹಾಸಿಗೆಯ ಪಕ್ಕ ಕೂತವನು ಬೆಳಗಿನವರೆಗೆ ಏಳಲಿಲ್ಲ. ಬೆಳಿಗ್ಗೆ ಅತ್ತೆ ಲವಲವಿಕೆಯಿಂದಿದ್ದರು. ಮರೆವಿನ ಕಾಯಿಲೆಯವರಿಗೆ ಹಿಂದಿನ ದಿನದ್ದು ನೆನಪಿರುವುದು ಅಪರೂಪ. ಆದರೆ ಇದು ಅವರಿಗೆ ಚೆನ್ನಾಗಿ ನೆನಪಿತ್ತು.

ಪುಸ್ತಕದ ಆ ಹುಡುಗಿಯನ್ನು ಹುಡುಕಲು ಹೋಗಿದ್ದೆ ಎಂದರು. ಹಸಿದಿರುತ್ತಾಳೆಂದು ರೊಟ್ಟಿ ಕಟ್ಟಿಕೊಂಡಿದ್ದರಂತೆ. ನಡೆದು ನಡೆದು ಸುಸ್ತಾಗಿ ಮರದ ಹತ್ತಿರ ಕೂತರಂತೆ.

“ಆಮ್ಯಾಲ ಆ ಮುದುಕಿ ಬಂದ್ಲು. ಹುಡುಗಿ ಅಜ್ಜಿ. ಗಾಳಿ ಬರೂ ಕಡೆ ನನ್ನ ಬಾಜೂಕ ಕುಂತ್ಲು. ಅಕಿ ಮಾತು ತಿಳೀಲಿಲ್ಲ, ಆದ್ರ ಏನ ಹೇಳತಾಳ ಅನ್ನೂದು ತಿಳೀತು. ನಿನ್ನನ್ನ ಕರಿಯಾಕತ್ತಿದ್ಲು. ಎಷ್ಟು ಸಲ ಕರದ್ಲು, ನೀ ಓ ಅನವಲ್ಲಿ.”

“ನನ್ನನ್ನು ಯಾರೂ ಕರೆಯಲಿಲ್ಲ ಅತ್ತೆ. ಒಂದು ನರಿ ಕೂಗಿದ್ದು ಕೇಳಿಸ್ತು, ಅಷ್ಟೇ” ಎಂದೆ.

ಎಷ್ಟು ಹೇಳಿಕೊಟ್ಟರೂ ತಲೆಗೆ ಹೋಗದ ಹುಡುಗಿಯನ್ನು ಟೀಚರು ನೋಡುವ ಹಾಗೆ ಅತ್ತೆ ನನ್ನನ್ನು ನೋಡಿದರು. “ನಾ ಮತ್ತೇನ ಹೇಳಾಕತ್ತೇನಿ” ಎಂದರು.

ಆಮೇಲೆ ಹಾಲು ಕುಡಿದು, ಬಾಯಿ ಒರೆಸಿಕೊಂಡು, ಹುಡುಗಿ ಸಿಕ್ಕಿದಳು, ಇನ್ನು ನೀನು ಓದುವ ತ್ರಾಸು ತೊಗೊಳ್ಳಬೇಡ ಎಂದರು. ಎಲ್ಲಿ ಸಿಕ್ಕಳು ಎಂದು ಆನಂದ ಕೇಳಿದ, ಸುಮ್ಮನೆ ಅವ್ವನನ್ನು ಮಾತಿಗೆಳೆಯಲು. “ಹಗೇದಾಗ ಇದ್ಲಂತ. ಹೊಳ್ಯಾಗ ಹುಡುಕಿದ್ರ ಎಲ್ಲಿ ಸಿಗಬೇಕ? ಉಸರು ಐತಂತ, ಮನಿಗೆ ಕರಕೊಂಡು ಹೋದ್ರಂತ” ಎಂದು ಹೇಳಿ ಕಣ್ಣು ಮುಚ್ಚಿದರು. ಹಗೇವು ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಅವರ ಕಡೆ ಹಿಂದೆ ಜೋಳ ತುಂಬಿಡಲು ನೆಲದಡಿ ಅಗೆಯುತ್ತಿದ್ದ ಕಣಜ ಎಂದು ಆನಂದ ಹೇಳಿದ.

ಮಧ್ಯಾಹ್ನ ಅವರು ನಿದ್ದೆಹೋಗಿದ್ದಾಗ ನಾನು ಫೋನಿನಲ್ಲಿ ಆ ಪುಸ್ತಕ ತೆರೆದು ಉಳಿದದ್ದನ್ನು ಓದಿದೆ. ಕೊನೆಗೆ ಸ್ವಲ್ಪ ಮುಂಚೆ ಹುಡುಗಿ ಸಿಗುತ್ತಾಳೆ, ಜೀವಂತವಾಗಿ. ಒಕ್ಲಹೋಮಾದಲ್ಲಿ ಸುಂಟರಗಾಳಿ ಬಂದರೆ ಇಳಿದು ಕೂರಲು ನೆಲದಡಿ ಒಂದು ಕೋಣೆ ತೋಡಿರುತ್ತಾರೆ. ಯಾರೂ ಬಳಸದ ಒಂದು ಹಳೆಯ ಕೋಣೆಯಲ್ಲಿ ಆಕೆಯನ್ನು ಕೂಡಿಹಾಕಿದ್ದರು. ಅಲ್ಲಿಯವರೆಗೆ ಪುಸ್ತಕದಲ್ಲಿ ಅಂಥ ಕೋಣೆಯ ಸುಳಿವಿರಲಿಲ್ಲ, ಕನಿಷ್ಠ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಮತ್ತೊಮ್ಮೆ ಅದೇ ಪುಟ ಓದಿದೆ. ಫೋನ್ ಆನಂದನ ಕೈಗೆ ಕೊಟ್ಟೆ. ಅವನೂ ಅದೇ ಪುಟವನ್ನು ಎರಡು ಸಲ ಓದಿ ವಾಪಸ್ ಕೊಟ್ಟ.

ನನ್ನ ಉದ್ಯೋಗದವಳು ಸುಮ್ಮನಿರುತ್ತಾಳೆಯೇ? ಒಂದೊಂದಾಗಿ ಬಿಡಿಸಲು ನೋಡಿದ್ದೇನೆ. ಆಫೀಸರನ ಕಿವಿಯಲ್ಲಿ ರೇಡಿಯೋ ಮಾತಾಡುತ್ತಿತ್ತು, ನರಿಯ ಕೂಗು ಅವನ ಗಮನಕ್ಕೆ ಬಂದಿರಲಿಕ್ಕಿಲ್ಲ. ಚಳಿ ವಿಪರೀತವಾದಾಗ ಯಾರೋ ಜೊತೆಗಿದ್ದಂತೆ ಅನ್ನಿಸುವುದುಂಟೆಂದು ಡಾಕ್ಟರು ಹೇಳಿದರು. ಅತ್ತೆ ಪತ್ತೇದಾರಿ ಕಾದಂಬರಿಗಳಲ್ಲಿ ಪಳಗಿದವರು, ಅಂತ್ಯವನ್ನು ಊಹಿಸಿರಬಹುದು. ಅವ್ವ ಚಿಕ್ಕವಳಿದ್ದಾಗ ಓಣಿಯ ಮಗುವೊಂದು ಹಗೇವಿಗೆ ಬಿದ್ದು ಬದುಕಿತ್ತಂತೆ, ಅದೂ ಇದೂ ಕಲೆತುಹೋಗಿರಬೇಕು ಎನ್ನುವುದು ಆನಂದನ ವಾದ. ಬಿಡಿಬಿಡಿಯಾಗಿ ಎಲ್ಲವನ್ನೂ ಒಪ್ಪುತ್ತೇನೆ. ಎಲ್ಲ ಒಂದೇ ಸಂಜೆ, ಒಂದೇ ಮರದ ಬುಡದಲ್ಲಿ ಸೇರಿದ್ದು ಮಾತ್ರ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ಇಲ್ಲಿನ ಪೊಲೀಸರ ಎದೆಯ ಮೇಲೆ ಕ್ಯಾಮೆರಾ ಇರುತ್ತದೆ, ಅದು ದನಿಯನ್ನೂ ಹಿಡಿದಿಡುತ್ತದೆ. ಅರ್ಜಿ ಕೊಟ್ಟು ಕೇಳಿದ್ದರೆ ಅದನ್ನು ಕೊಡುತ್ತಿದ್ದರೇನೋ. ನರಿ ಕೂಗಿತ್ತೋ ಇಲ್ಲವೋ ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ನಾನು ಕೇಳಲಿಲ್ಲ. ಕೂಗು ಅದರಲ್ಲಿ ಇಲ್ಲದಿದ್ದರೆ ಹೆದರಿಕೆಯಾಗುತ್ತದೆಂದಲ್ಲ. ನಮ್ಮ ಮನೆಗೆ ಬಂದು ಇಷ್ಟು ದೊಡ್ಡ ಉಪಕಾರ ಮಾಡಿದವರನ್ನು ನೀವು ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಣೆ ಮಾಡುವುದು ಸರಿಯಲ್ಲ ಅನ್ನಿಸಿತು.

ಅತ್ತೆಗೆ ಮಾತ್ರ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಒಂದು ದಿನ ನಾನೇ ಕೆಣಕಿದೆ. ಪುಸ್ತಕದ ಪ್ರಕಾರ, ಯಾರೂ ಓಗೊಡದ್ದರಿಂದ ಅದು ನೆರಳು. ನಿಮ್ಮ ಪ್ರಕಾರ, ಮೂರು ಸಲ ಮೀರಿ ಕೂಗಿದ್ದರಿಂದ ಅದು ಮನುಷ್ಯ. ಎರಡೂ ಹೇಗೆ ನಿಜವಾಗುತ್ತವೆ ಎಂದು ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. “ಮೂರು ಸಲ ಕರದ್ಲು ಅಂದಮ್ಯಾಲ ನಮ್ಮಾಕಿನ. ಸತ್ತಾಳೋ ಬದುಕ್ಯಾಳೋ, ಅದನ್ನ ತೊಗೊಂಡು ನೀ ಏನ ಮಾಡಾಕಿ?” ಎಂದರು.

ಆ ಸಂಜೆಯ ನಂತರ ಅತ್ತೆ ಎರಡು ವರ್ಷಕ್ಕೂ ಹೆಚ್ಚು ಬದುಕಿದರು. ಹಿಂಬಾಗಿಲಿಗೆ ಸದ್ದು ಮಾಡುವ ಬೀಗ ಹಾಕಿಸಿದೆವು. ಆಫೀಸಿನ ಯಾವ ಡೆಡ್‌ಲೈನ್ ಬಂದರೂ ನಾನು ಕತೆಯನ್ನು ನಡುವೆ ನಿಲ್ಲಿಸಲಿಲ್ಲ. ಆಮೇಲೆ ಓದಿದ ಪುಸ್ತಕಗಳಲ್ಲೂ ಕಾಣೆಯಾದವರು ಸಿಕ್ಕ ಮೇಲೆಯೇ ಚಹಾದ ಕಪ್ಪು ಎತ್ತಿಡುತ್ತಿದ್ದೆ. ಆ ಎರಡು ವರ್ಷದಲ್ಲಿ ಅವರು ಮೊಮ್ಮಗಳ ಗ್ರಾಜುಯೇಶನ್ ನೋಡಿದರು, ನನ್ನ ಸಾರಿಗೆ ಸಪ್ಪೆಯೆಂದು ಹೆಸರಿಟ್ಟರು, ಕೊನೆಗೆ ನನ್ನ ಹೆಸರನ್ನೂ ಮರೆತರು. ‘ಮೈಸೂರಾಕಿ’ ಎನ್ನುವುದನ್ನು ಮಾತ್ರ ಮರೆಯಲಿಲ್ಲ. ತಮ್ಮ ಕೋಣೆಯಲ್ಲಿ, ಬೆಚ್ಚಗೆ, ಮಗನ ಕೈ ಹಿಡಿದುಕೊಂಡು ಹೋದರು. ಹಿಮದಲ್ಲಿ ಒಬ್ಬರೇ ಹೋಗಲಿಲ್ಲ. ನನಗೆ ಸಿಕ್ಕಿದ್ದು ಇಷ್ಟು. ಇದು ಸಣ್ಣದೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಈಗಲೂ ಚಳಿಗಾಲದ ಸಂಜೆ ಕಾಡಿನಲ್ಲಿ ನರಿ ಕೂಗಿದರೆ ನಾನು ಕೈಯಲ್ಲಿನ ಕೆಲಸ ಬಿಟ್ಟು ಹಿಂಬಾಗಿಲು ತೆಗೆದು ನಿಲ್ಲುತ್ತೇನೆ. ಸಾಮಾನ್ಯವಾಗಿ ಇನ್ನೊಂದು ನರಿ ಎಲ್ಲಿಂದಲೋ ಓಗೊಡುತ್ತದೆ, ನಾನು ಬಾಗಿಲು ಹಾಕಿಕೊಂಡು ಒಳಗೆ ಬರುತ್ತೇನೆ. ವರ್ಷಕ್ಕೆ ಒಂದೋ ಎರಡೋ ಸಲ ಓಗೊಡುವವರು ಯಾರೂ ಇರುವುದಿಲ್ಲ. ಆಗ ನಾನು ಅತ್ತೆಯ ನಿಯಮದಂತೆ ಮೂರನೆಯ ಕೂಗಿನವರೆಗೆ ಕಾಯುತ್ತೇನೆ. ಆಮೇಲೆ ಕತ್ತಲಿನ ಕಡೆ ಮುಖ ಮಾಡಿ, ಕೇಳಿಸುವಷ್ಟು ಜೋರಾಗಿ, ‘ಓ’ ಅನ್ನುತ್ತೇನೆ. ಯಾರು ಎಂದು ಒಳಗಿನಿಂದ ಆನಂದ ಕೇಳುತ್ತಾನೆ. ಗೊತ್ತಿಲ್ಲ ಅನ್ನುತ್ತೇನೆ.